ದನ ಬಂದರೆ ಆಟ ಮುಗಿಯಿತು

ಮೊನ್ನೆ ಸಂಜೆ ನಂಜನಗೂಡಿನ ಕೋರ್ಟು ಮುಗಿಸಿಕೊಂಡು ಹೆಡತಲೆ ಕಡೆಗೆ ಸ್ಕೂಟರಿನಲ್ಲಿ ಹೊರಟಿದ್ದೆ. ಕಕ್ಷಿದಾರರೊಬ್ಬರ ಜಮೀನಿನ ಬದು ನೋಡಬೇಕಿತ್ತು. ದಾರಿಯಲ್ಲಿ ಅತ್ತೆಯ ಊರು. ಊರೆಂದರೆ ದೊಡ್ಡ ಊರೇನಲ್ಲ, ಹುಂಡಿ. ಐವತ್ತು ಅರವತ್ತು ಮನೆಯ ಊರಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಹೆಸರು ಹೇಳುವುದಿಲ್ಲ, ಹೇಳಿದರೆ ಅತ್ತೆ ನನ್ನನ್ನು ಮನೆಗೆ ಸೇರಿಸುವುದಿಲ್ಲ. ಹುಂಡಿಯ ಬಾಯಿಗೆ ಬರುವ ಹೊತ್ತಿಗೆ ಸರಿಯಾಗಿ ಮೇಯಲು ಹೋಗಿದ್ದ ದನಗಳು ರಸ್ತೆ ತುಂಬ ಬಂದವು. ಹಾರನ್ನಿಗೆ ಹೆದರುವ ದನ ಇನ್ನೂ ಹುಟ್ಟಿಲ್ಲ. ಇಂಜಿನ್ ಆರಿಸಿ ಕಾಲೂರಿ ನಿಂತೆ. ಗೊರಸಿನಿಂದ ಎದ್ದ ಧೂಳು, ಸಗಣಿ, ಮೇದ ಹುಲ್ಲಿನ ಉಸಿರು, ಮೂರೂ ಕಲೆತ ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನಗೆ ನಗು ಬಂತು. ಪಕ್ಕದಲ್ಲಿ ನಿಂತಿದ್ದ ಬೈಕಿನವನು ಕರಿಕೋಟಿನ ಈ ಹೆಂಗಸಿಗೆ ಏನಾಯಿತೋ ಎಂದು ತಿರುಗಿ ನೋಡಿದ. ನನಗೇನೂ ಆಗಿರಲಿಲ್ಲ. ಇದೇ ದನಗಳನ್ನು ಒಂದು ಮಳೆಗಾಲದಲ್ಲಿ ನಾನು ಹೈಕೋರ್ಟಿಗೆ ಹೋಗಬೇಕಾಗಿದ್ದ ಅಫಿಡವಿಟ್ಟಿನೊಳಗೆ ನುಗ್ಗಿಸಿದ್ದೆ, ಅದು ನೆನಪಾಯಿತು ಅಷ್ಟೆ.

ಅದು ಫೋನಿನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳನ್ನು ಸರ್ಕಾರ ನಿಷೇಧಿಸಿದ ವರ್ಷ. ಮಳೆ ಚೆನ್ನಾಗಿ ಹಿಡಿದಿತ್ತು. ಮೇಲೆ ಅಣೆಕಟ್ಟು ತುಂಬಿ ನೀರು ಬಿಟ್ಟಿದ್ದರಿಂದ ನಂಜನಗೂಡಿನಲ್ಲಿ ಕಪಿಲೆ ಕೆಂಪಗೆ ಉಬ್ಬಿ ಹರಿಯುತ್ತಿದ್ದಳು. ಹದಿನಾರು ಕಾಲಿನ ಮಂಟಪಕ್ಕೆ ತಲೆಯಷ್ಟೇ ಉಳಿದಿತ್ತು. ನಮ್ಮ ಮನೆ ಇರುವ ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಕೂಡುತ್ತಾಳೆ, ಅಲ್ಲಿಯೂ ದಡ ಯಾವುದು ಹೊಳೆ ಯಾವುದು ತಿಳಿಯುತ್ತಿರಲಿಲ್ಲ. ನಾನು ದಿನವೂ ರೇನ್‌ಕೋಟಿನೊಳಗೆ ಫೈಲು ಅವುಚಿಕೊಂಡು ನರಸೀಪುರದಿಂದ ನಂಜನಗೂಡಿಗೆ ಬಂದು ಹೋಗುತ್ತಿದ್ದೆ. ವಕೀಲೆಯಾಗಿ ಕೆಲವೇ ವರ್ಷ ಆಗಿದ್ದರೂ ನನ್ನ ಮೇಲೆ ನನಗೆ ಭರವಸೆಗೇನೂ ಬರವಿರಲಿಲ್ಲ. ಇವತ್ತಿಗೂ ಇಲ್ಲ.

ಆ ಕಾನೂನು ಒಂದು ವಿಷಯದಲ್ಲಿ ಖಂಡಿತವಾಗಿತ್ತು. ಬುದ್ಧಿಯ ಆಟವೋ ಅದೃಷ್ಟದ ಆಟವೋ ಎಂಬ ಹಳೆಯ ಜಗಳವೇ ಬೇಡ, ಹಣ ಇಟ್ಟು ಫೋನಿನಲ್ಲಿ ಆಡಿಸುವಂತಿಲ್ಲ. ಆಡಿದವರಿಗೆ ಶಿಕ್ಷೆಯಿಲ್ಲ, ಆಡಿಸಿದವರಿಗೆ. ಒಂದೆರಡು ದಿನದಲ್ಲಿ ರಮ್ಮಿಯ ಆ್ಯಪುಗಳು ಕದ ಹಾಕಿಕೊಂಡವು. ಕಂಪನಿಯವರು ಸುಮ್ಮನಿದ್ದಾರೆಯೇ, ನಿಷೇಧ ಬೀಳಿಸಬೇಕೆಂದು ಕೋರ್ಟಿನ ಮೆಟ್ಟಿಲು ಹತ್ತಿದರು. ನಮ್ಮ ಬಾರ್ ಅಸೋಸಿಯೇಷನ್ನಿನ ಕ್ಯಾಂಟೀನಿನಲ್ಲಿ ಚಹಾದ ಜೊತೆ ಅದೇ ಚರ್ಚೆ. ಅರ್ಧ ಜನ ಕಾನೂನು ನಿಲ್ಲುತ್ತದೆ ಎಂದರು, ಅರ್ಧ ಜನ ಬೀಳುತ್ತದೆ ಎಂದರು. ಅದಕ್ಕೂ ನನ್ನ ಮನೆಗೂ ಏನಾದರೂ ಸಂಬಂಧ ಇದ್ದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಸಂಬಂಧ ಅತ್ತೆಯ ರೂಪದಲ್ಲಿ ಬಂತು. ರಾಜಮ್ಮಣ್ಣಿ ನಮ್ಮಪ್ಪನ ತಂಗಿ. ಮುಡುಕುತೊರೆ ಕಡೆಯ ನಮ್ಮ ಊರಿನಿಂದ ಈ ಹುಂಡಿಗೆ ಮದುವೆಯಾಗಿ ಬಂದವಳು. ಹುಂಡಿಯ ಮಹಿಳಾ ಸಂಘ ಕಟ್ಟಿದವಳು ಅವಳೇ, ಅಂದಿನಿಂದ ಅಧ್ಯಕ್ಷೆಯೂ ಅವಳೇ. ಊರಿನ ಹೆಂಗಸರು ಅವಳನ್ನು ಹೆಸರು ಹಿಡಿದು ಕರೆಯುವುದನ್ನೇ ಮರೆತಿದ್ದರು. ಹೆಪ್ಪಿಗೆ ಒಂದು ಚಮಚ ಮೊಸರು ಕೇಳಲು ಬಂದವರೂ ಬಾಗಿಲಲ್ಲಿ ನಿಂತು "ಅಧ್ಯಕ್ಷೇ" ಎಂದೇ ಕೂಗುತ್ತಿದ್ದರು. ಅತ್ತೆಗೆ ಆ ಕೂಗು ಕೇಳಿದರೆ ಹೊಟ್ಟೆ ತುಂಬುತ್ತಿತ್ತು. ಅದನ್ನು ಅವಳು ಮುಚ್ಚಿಡುತ್ತಲೂ ಇರಲಿಲ್ಲ.

ಅವಳ ಇನ್ನೊಂದು ಹೆಸರುವಾಸಿ ಇಸ್ಪೀಟಿನದು. ಯುಗಾದಿಯ ಮಾರನೆಯ ದಿನ, ವರ್ಷತೊಡಕಿನ ದಿನ, ನಮ್ಮ ಕಡೆ ಊರೂರಲ್ಲಿ ಎಲೆ ಬೀಳುತ್ತದೆ, ಅಂದರೆ ಇಸ್ಪೀಟಾಟ. ಬೇರೆ ಊರುಗಳಲ್ಲಿ ಅದು ಗಂಡಸರ ಪಾಲು. ಈ ಹುಂಡಿಯಲ್ಲಿ ಮಾತ್ರ ಬೀದಿಯ ಆಚೆ ಬದಿಗೆ ಗಂಡಸರು, ಈಚೆ ಬದಿಗೆ ಹೆಂಗಸರು. ನಮ್ಮದು ಬಾಡಿನ, ಅಂದರೆ ಮಾಂಸದ ಊಟದ ಮನೆಗಳಲ್ಲವಾದ್ದರಿಂದ ಮಧ್ಯಾಹ್ನಕ್ಕೆ ಮಿಕ್ಕ ಒಬ್ಬಟ್ಟನ್ನೇ ಬಿಸಿ ಮಾಡಿ ತಿಂದು, ಬೀದಿಗೆ ಚಾಪೆ ಹಾಸಿ, ಹುಣಸೆಬೀಜ ಗುಡ್ಡೆ ಹಾಕಿಕೊಂಡು ಹೆಂಗಸರು ರಮ್ಮಿಗೆ ಕೂರುತ್ತಾರೆ. ಆಟ ಎಲ್ಲಿಯವರೆಗೆ ಎಂದರೆ ದನ ಬರುವವರೆಗೆ. ಚಾಪೆ ಹಾಸಿರುವುದೇ ದನದ ದಾರಿಯಲ್ಲಿ. "ದನ ಬಂತೂ" ಎಂದು ಯಾರಾದರೂ ಕೂಗಿದರೆ ಮುಗಿಯಿತು. ಗೆಲ್ಲುತ್ತಿದ್ದವರೂ ಸೋಲುತ್ತಿದ್ದವರೂ ಕೈಯಲ್ಲಿದ್ದ ಎಲೆ ಕೆಳಗಿಟ್ಟು ಏಳಬೇಕು. ಇನ್ನೊಂದೇ ಆಟ ಅನ್ನುವ ಹಾಗಿಲ್ಲ. ಎದ್ದ ಮೇಲೆ ಎಲೆ ಮತ್ತೆ ಹೊರಗೆ ಬರುವುದು ಮುಂದಿನ ವರ್ಷವೇ.

ಈಗ ಊರಲ್ಲಿ ಮೇಯಲು ಹೋಗುವ ನಾಟಿ ದನ ಕಡಿಮೆ. ಹೆಚ್ಚಿನವು ಕೊಟ್ಟಿಗೆಯಲ್ಲೇ ನಿಂತು ಮೇವು ತಿನ್ನುವ ಸೀಮೆಹಸುಗಳು. ಹಾಗಾದರೆ ಆಟ ಮುಗಿಯುವುದು ಯಾವಾಗ? ಊರಿನವರು ಕೂತು ಯೋಚಿಸಿ ಅದಕ್ಕೂ ದಾರಿ ಮಾಡಿದ್ದಾರೆ. ವರ್ಷತೊಡಕಿನ ದಿನ ಮಾತ್ರ ಆ ಸೀಮೆಹಸುಗಳನ್ನೂ ಗೂಟದಿಂದ ಬಿಚ್ಚಿ, ಕೆರೆಯ ತನಕ ಸುಮ್ಮನೆ ಓಡಾಡಿಸಿ, ಹೊತ್ತು ಇಳಿಯುವಾಗ ಮಿಕ್ಕ ದನದ ಜೊತೆ ಊರೊಳಕ್ಕೆ ಹೊಡೆದುಕೊಂಡು ಬರುತ್ತಾರೆ. ನಡೆದು ಅಭ್ಯಾಸವಿಲ್ಲದ ಆ ದಪ್ಪ ಹಸುಗಳು ಬೇಸರದ ಮುಖ ಹಾಕಿಕೊಂಡು ಬರುವುದನ್ನು ನೋಡಬೇಕು. ಆಟ ಮುಗಿಸುವುದಕ್ಕೆಂದು ಹಸುವಿಗೆ ವಾಕಿಂಗ್ ಮಾಡಿಸುವ ಊರು ಜಗತ್ತಿನಲ್ಲಿ ಇದೊಂದೇ ಇರಬೇಕು.

ಚಾಪೆಯ ಮೇಲೆ ಅತ್ತೆಯನ್ನು ಸೋಲಿಸಿದವರಿಲ್ಲ. ಬಿದ್ದ ಎಲೆಗಳೆಲ್ಲ ಅವಳ ತಲೆಯಲ್ಲಿ ಇರುತ್ತಿದ್ದವು. ವರ್ಷಕ್ಕೆ ಒಂದು ಮಧ್ಯಾಹ್ನ ಆ ಬುದ್ಧಿಗೆ ಸಾಲಲಿಲ್ಲ. ಸಂಘದ ಲೆಕ್ಕಕ್ಕೆಂದು ಕೈಗೆ ಬಂದ ಫೋನಿನಲ್ಲಿ ರಮ್ಮಿ ಇದೆಯೆಂದು ತಿಳಿದದ್ದೇ ಊಟವಾದ ಮೇಲೆ ಬಾಗಿಲು ಎಳೆದುಕೊಂಡು ಆಡತೊಡಗಿದಳು. ಗೆಲ್ಲುತ್ತಲೂ ಇದ್ದಳು. ಮನೆಗೆ ಮಿಕ್ಸಿ ಬಂತು, ಮಾವನಿಗೆ ಒಳ್ಳೆಯ ಕನ್ನಡಕ ಬಂತು. ಯಾರಿಗೂ ತಿಳಿದಿರಲಿಲ್ಲ. ನಿಷೇಧ ಬಂದು ಆ್ಯಪು ನಿಂತ ದಿನ, ಒಳಗೆ ಉಳಿದಿದ್ದ ತನ್ನ ದುಡ್ಡು ವಾಪಸು ಪಡೆಯುವುದು ಹೇಗೆಂದು ತಿಳಿಯದೆ ಸಂಘದ ಹುಡುಗಿಯೊಬ್ಬಳಿಗೆ ಫೋನು ತೋರಿಸಿದಳು. ದುಡ್ಡು ಬಂತು. ಅದಕ್ಕಿಂತ ಮೊದಲು ಸುದ್ದಿ ಊರು ಸುತ್ತಿತು.

ಸಂಘದ ಕಾರ್ಯದರ್ಶಿ ಪುಟ್ಟಬಸಮ್ಮ ಅತ್ತೆಯ ಹಳೆಯ ಗೆಳತಿ. ಅವಳ ಮಗ ನಂಜನಗೂಡಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದವನು ಫೋನಿನ ರಮ್ಮಿಗೆ ಬಿದ್ದು, ಸಂಬಳವನ್ನೆಲ್ಲ ಅದಕ್ಕೆ ಸುರಿದು, ಕೊನೆಗೆ ತಾಯಿಗೆ ಮುಖ ತೋರಿಸಲಾಗದೆ ಕೆಲವು ತಿಂಗಳು ಮನೆ ಬಿಟ್ಟಿದ್ದ. ಆಗಷ್ಟೇ ವಾಪಸು ಬಂದು ತಲೆ ಎತ್ತದೆ ಉಣ್ಣುತ್ತಿದ್ದ. ಸಂಘದ ಸಭೆಯಲ್ಲಿ ಪುಟ್ಟಬಸಮ್ಮ ಎದ್ದು ನಿಂತು ಕೇಳಿದ್ದನ್ನು ಅತ್ತೆಯೇ ನನಗೆ ಹೇಳಿದಳು.

"ನೀನು ಗೆದ್ದೆ ಅಂತೀಯಲ್ಲ, ಯಾರ್ ಮನೇದು ಗೆದ್ದೆ ಯೋಳು. ನನ್ ಮಗ ಸೋತದ್ದು ನಿಂಗಲ್ಲ ಅಂತ ಆಣೆ ಮಾಡ್ತೀಯಾ, ರಾಜಮ್ಮಣ್ಣಿ?"

ಅಷ್ಟು ವರ್ಷಗಳಲ್ಲಿ ಅವಳ ಬಾಯಿಂದ ಆ ಹೆಸರು ಬಂದದ್ದು ಅದೇ ಮೊದಲು. ಮಾರನೆಯ ದಿನದಿಂದ ಊರಿನವರೆಲ್ಲ ಅತ್ತೆಯನ್ನು ರಾಜಮ್ಮಣ್ಣಿ ಎನ್ನತೊಡಗಿದರು. ಯುಗಾದಿ ಕಳೆದ ಮೇಲೆ ಸಂಘದ ಪದಾಧಿಕಾರಿಗಳ ಬದಲಾವಣೆ ಹೇಗೂ ಇತ್ತು, ಜೂಜಾಡಿದವಳು ಮುಂದುವರಿಯುವುದು ಬೇಡ ಎಂಬ ಮಾತು ಮನೆಮನೆಯಲ್ಲೂ ಶುರುವಾಯಿತು.

ನಾನು ಹೋದಾಗ ಅತ್ತೆ ಒಲೆಯ ಮುಂದೆ ಕೂತಿದ್ದಳು. ಅತ್ತವಳಂತೆ ಕಾಣಲಿಲ್ಲ, ಕೆಂಡವಾಗಿದ್ದಳು.

"ಕೋರ್ಟಲ್ಲಿ ಬರ್ಸು ಕೂಸೇ," ಎಂದಳು. "ರಾಜಮ್ಮಣ್ಣಿ ಆಡಿದ್ದು ಜೂಜಲ್ಲ, ಬುದ್ಧಿ ಅಂತ ಕೋರ್ಟು ಯೋಳ್ಲಿ. ಆಮೇಲೆ ಯಾರ್ ಏನಂತಾರೆ ನೋಡ್ತೀನಿ."

"ನಿನ್ನ ಮೇಲೆ ಕೇಸೇ ಇಲ್ಲವಲ್ಲ ಅತ್ತೆ. ಆಡಿದವರನ್ನ ಕಾನೂನು ಏನೂ ಮಾಡಲ್ಲ."

"ಕಾನೂನು ಮಾಡಕಿಲ್ಲ, ಊರು ಮಾಡ್ತಾ ಅದಲ್ಲ! ನೀನು ಓದಿದ್ದು ಯಾತಕ್ಕೆ ಮತ್ತೆ?"

ನನಗೊಂದು ದಾರಿ ಹೊಳೆಯಿತು. ನನ್ನ ಜೊತೆ ಓದಿದವರೊಬ್ಬರು ಬೆಂಗಳೂರಿನಲ್ಲಿ ಅಂಥ ಒಂದು ಕಂಪನಿಯ ಅರ್ಜಿ ನಡೆಸುವ ಕಚೇರಿಯಲ್ಲಿದ್ದರು. ಕಂಪನಿಯೊಂದೇ ಹೋಗಿ ನಿಂತರೆ ಲಾಭಕೋರರು ಎನ್ನುತ್ತಾರೆ, ಹಳ್ಳಿಯ ಆಟಗಾರರೊಬ್ಬರು, ಅದರಲ್ಲೂ ಹೆಂಗಸು, ಜೊತೆಗೆ ಅರ್ಜಿದಾರರಾಗಿ ನಿಂತರೆ ತೂಕ ಬೇರೆ ಎಂದು ಅವರು ಹುಡುಕುತ್ತಿದ್ದರಂತೆ. ಅತ್ತೆಯ ಹೆಸರು ಹೇಳಿದೆ. ದೊಡ್ಡ ಕೇಸಿನ ವಕಾಲತ್ತಿನಲ್ಲಿ ನನ್ನ ಹೆಸರೂ ಇರುತ್ತದೆಂಬ ಆಸೆ ಇರಲಿಲ್ಲ ಎಂದರೆ ಸುಳ್ಳಾದೀತು. ಆಸೆ ಧಾರಾಳವಾಗಿತ್ತು.

ಅವರ ಕಡೆಯಿಂದ ಸಂಜಯ್ ಎಂಬ ವಕೀಲರು ಬಂದರು. ಸಣ್ಣ ವಯಸ್ಸು, ಮೃದು ಮಾತು, ಕೆಸರಿಗೆ ಹೆದರುವ ಶೂ. ಅತ್ತೆಯ ಬುದ್ಧಿ ನೋಡಬೇಕೆಂದು ಬ್ಯಾಗಿನಿಂದ ಹೊಸ ಪ್ಯಾಕು ತೆಗೆದು ಎದುರಿಗೆ ಕೂತರು. ವರ್ಷತೊಡಕಲ್ಲದ ದಿನ ಎಲೆ ಮುಟ್ಟುವುದಕ್ಕೆ ಅತ್ತೆ ಮೊದಲು ಒಪ್ಪಲಿಲ್ಲ. ಇದು ಆಟವಲ್ಲ, ಕೋರ್ಟಿನ ಕೆಲಸ ಎಂದು ನಾನು ಹೇಳಿದ ಮೇಲೆ ಒಪ್ಪಿದಳು. ನಾಲ್ಕು ಸುತ್ತು ಎಲೆ ಬೀಳುವಷ್ಟರಲ್ಲಿ ಅವರನ್ನೇ ದಿಟ್ಟಿಸಿ ನೋಡಿದಳು.

"ಆ ಆಟೀನ್ ರಾಣಿನ ಯಾಕಪ್ಪಾ ಅಂಗೆ ಅಪ್ಕೊಂಡು ಕೂತಿದ್ದೀಯ? ಅವಳ ರಾಜನೂ ಗುಲಾಮನೂ ನನ್ನತ್ರ ಅವ್ರೆ. ಬುಟ್ಬುಡು, ನೀನಾದ್ರೂ ಸುಖವಾಗಿರ್ತೀಯ."

ಸಂಜಯ್ ಎಲೆ ಕೆಳಗಿಟ್ಟು ನಕ್ಕರು. ಹಾರ್ಟಿನ ರಾಣಿ ಅಲ್ಲೇ ಇದ್ದಳು. "ಮೇಡಂ, ನಿಮ್ಮತ್ತೆ ಕೋರ್ಟ್ ಹಾಲ್‌ನಲ್ಲಿ ಹೀಗೆ ಒಂದು ಆಟ ಆಡಿಬಿಟ್ಟರೆ ನಮಗೆ ವಾದವೇ ಬೇಡ," ಎಂದರು. ಅವರು ಹೋದ ಮೇಲೆ ಅತ್ತೆ ಅವರ ಶೂಗೆ ಮರುಗಿದಳು. ನನಗಂತೂ ಗೆದ್ದಾಯಿತು ಎನ್ನಿಸಿತು.

ಸಹಿಯ ದಿನ ನಂಜನಗೂಡಿನಲ್ಲಿ ಭಾರಿ ಮಳೆ. ನೋಟರಿಯವರ ಕಚೇರಿ ಕೋರ್ಟಿನ ಎದುರಿಗೇ ಇತ್ತು. ಸಂಜಯ್ ಬೆಂಗಳೂರಿನಿಂದ ಅಫಿಡವಿಟ್ಟು ಸಿದ್ಧ ಮಾಡಿಕೊಂಡು ಬಂದು ಕೂತಿದ್ದರು. ಹಿಂದಿನ ದಿನ ಅತ್ತೆ ಫೋನಿನಲ್ಲಿ, ಅಫಿಡವಿಟ್ಟು ಅಂದರೇನು ಎಂದು ಕೇಳಿದ್ದಳು. "ಪ್ರಮಾಣ ಮಾಡಿ ಹೇಳೋದು ಅತ್ತೆ" ಎಂದು ಹೇಳಿ ನಾನು ಬೇರೆ ಕೆಲಸಕ್ಕೆ ಹೋಗಿದ್ದೆ. ವಕೀಲರು ದಿನಕ್ಕೆ ಹತ್ತು ಸಲ ಆಡುವ ಮಾತು, ಅದರಲ್ಲಿ ಯೋಚಿಸುವಂಥದ್ದು ಏನಿದೆ?

ಅತ್ತೆಗೆ ಇತ್ತು. ನಮ್ಮ ಕಡೆ ಪ್ರಮಾಣ ಎಂದರೆ ಕಪಿಲೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ನಂಜುಂಡೇಶ್ವರನ ಮುಂದೆ ನಿಂತು ಹೇಳುವ ಮಾತು. ಅವಳು ಬೆಳಗಿನಿಂದ ಏನೂ ತಿನ್ನದೆ ಬಸ್ಸಿಗೆ ಬಂದು ನೇರ ಸ್ನಾನಘಟ್ಟಕ್ಕೆ ಹೋಗಿದ್ದಾಳೆ. ಪ್ರವಾಹ ಎಂದು ಪೊಲೀಸರು ಹಗ್ಗ ಕಟ್ಟಿ ಯಾರನ್ನೂ ಇಳಿಯಬಿಡುತ್ತಿರಲಿಲ್ಲ. ಕಾನ್‌ಸ್ಟೇಬಲ್ಲಿನ ಜೊತೆ ವಾದ ಮಾಡಿ, ಕೊನೆಗೆ ಅವನ ಕೈಯಲ್ಲೇ ಒಂದು ಚೊಂಬು ಕಪಿಲೆಯ ನೀರು ಮೊಗೆಸಿ, ತಲೆಯ ಮೇಲೆ ಸುರಿದುಕೊಂಡು, ದೇವರಿಗೆ ಕೈ ಮುಗಿದು, ಆ ಮಳೆಯಲ್ಲಿ ಕೊಡೆಯನ್ನೂ ಬಿಚ್ಚದೆ ನಡೆದು ಬಂದಳು. ನೋಟರಿಯವರ ಬಾಗಿಲಲ್ಲಿ ಅವಳನ್ನು ಕಂಡು ನಾನು ಗಾಬರಿಯಾದೆ. ಸೀರೆಯ ಅಂಚಿನಿಂದ ನೀರು ಸುರಿಯುತ್ತಿತ್ತು.

"ಇದೇನತ್ತೆ!"

"ಪ್ರಮಾಣ ಅಂದ್ಯಲ್ಲ. ಮೈ ಆರೋದ್ರೊಳಗೆ ಓದ್ಸು."

ಸಂಜಯ್ ತಮ್ಮ ಕರ್ಚೀಫು ಕೊಡಲು ಎದ್ದರು, ಅತ್ತೆ ಬೇಡವೆಂದಳು. ಒರೆಸಿಕೊಂಡರೆ ಪ್ರಮಾಣ ಕೆಡುತ್ತದಲ್ಲ. ಕುರ್ಚಿಯ ಮೇಲೂ ಕೂರಲಿಲ್ಲ. ನಿಂತೇ ಕೇಳಿಸಿಕೊಂಡಳು. ನಾನು ಒಂದೊಂದೇ ಪ್ಯಾರಾ ಕನ್ನಡದಲ್ಲಿ ಹೇಳುತ್ತಾ ಹೋದೆ. ತಾನು ಇಂಥವರ ಹೆಂಡತಿ, ಇಷ್ಟು ವಯಸ್ಸು, ಹೂಂ ಎಂದಳು. ರಮ್ಮಿ ನೆನಪಿನ ಶಕ್ತಿ ಮತ್ತು ಬುದ್ಧಿಯ ಆಟ. "ಹೂಂ, ಅದು ಸತ್ಯ," ಎಂದಳು. ತಮ್ಮ ಊರಿನ ಸಂಪ್ರದಾಯ, ಹೂಂ. ಫೋನಿನಲ್ಲಿ ಆಡಿದ್ದೂ ಅದೇ ಆಟ, ತನ್ನ ಆಟದಿಂದ ಯಾರಿಗೂ ತೊಂದರೆಯಾಗಿಲ್ಲ. ಅತ್ತೆ ಹೂಂ ಅನ್ನಲಿಲ್ಲ.

"ಇನ್ನೊಂದ್ ಸಲ ಓದು."

ಓದಿದೆ.

"ಅದು ನಂಗೊತ್ತಿಲ್ವಲ್ಲ ಕೂಸೇ. ಎದುರ್ಗೆ ಕೂತಿದ್ದೋರ ಮಕ ನಂಗೆ ಕಾಣ್ನಿಲ್ಲ. ಪುಟ್ಟಬಸಮ್ಮನ ಮಗನೋ, ಇನ್ಯಾರ್ ತಾಯಿ ಮಗನೋ. ಗೊತ್ತಿಲ್ದೆ ಎಂಗೆ ಯೋಳಾದು?"

ಸಂಜಯ್ ಬಹಳ ತಾಳ್ಮೆಯಿಂದ ಬಿಡಿಸಿ ಹೇಳಿದರು. ಇದು ಸಾಮಾನ್ಯವಾಗಿ ಹಾಕುವ ಮಾತು, ನಿಮಗೆ ತಿಳಿದಮಟ್ಟಿಗೆ ಎಂದು ಸೇರಿಸೋಣ, ಸಾಕಾಗುತ್ತದೆ ಎಂದರು. ಅತ್ತೆ ತಲೆಯಾಡಿಸಿದಳು.

"ಬುದ್ಧಿ ಆಟ ಅಂತ ಬರ್ಕೊಳಿ ಸಾ, ನೂರು ಸಲ ಬರ್ಕೊಳಿ, ಸೈನ್ ಆಕ್ತೀನಿ. ಅದೇ ಆಟ ಅಂತ ಮಾತ್ರ ಬರೀಬ್ಯಾಡಿ. ನಮ್ಮೂರಲ್ಲಿ ದನ ಬಂದ್ರೆ ಆಟ ಮುಗೀತು. ಸೋತೋನು ಸೋತಿದ್ದು ಅಷ್ಟಕ್ಕೇ ನಿಲ್ತದೆ, ಗೆದ್ದೋನ್ ಆಸೇನೂ ಅಷ್ಟಕ್ಕೇ ನಿಲ್ತದೆ. ಫೋನಲ್ಲಿ ದನ ಬರಕಿಲ್ಲ ಸಾ. ನಾನೇ ಎಷ್ಟೋ ದಿನ ಒಲೆ ಮೇಲ್ ಹಾಲಿಟ್ಟು ಮರ್ತಿವ್ನಿ. ಇದ್ನೂ ಬರ್ಕೊಳಿ. ಬರೆದ್ರೆ ಸೈನು."

ನೋಟರಿಯವರು ಕನ್ನಡಕ ತೆಗೆದು ಅತ್ತೆಯನ್ನು ನೋಡಿದರು. ಅವರಿಗೂ ಒಬ್ಬ ಮಗನಿದ್ದ. ಅತ್ತೆ ಹೇಳಿದ್ದನ್ನು ನಾನೇ ಪ್ಯಾರಾ ಮಾಡಿ ಟೈಪು ಮಾಡಿಸಿದೆ. ದನಗಳು ಬೀದಿಯಿಂದ ನೇರ ಕಾಗದಕ್ಕೆ ನಡೆದು ಬಂದವು. ಸಂಜಯ್ ಅದರ ಫೋಟೋ ತೆಗೆದು ಬೆಂಗಳೂರಿನ ತಮ್ಮ ಹಿರಿಯರಿಗೆ ಕಳಿಸಿ, ಹೊರಗೆ ಜಗಲಿಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದರು. ಮುಖ ಇಳಿದಿತ್ತು.

"ಮೇಡಂ, ತಪ್ಪು ತಿಳಿಯಬೇಡಿ. ನಾಳೆ ಸರ್ಕಾರದ ಕಡೆಯವರು ಬೇರೇನೂ ಓದುವುದಿಲ್ಲ, ಇದೊಂದೇ ಪ್ಯಾರಾ ಓದಿ ಕೂತುಬಿಡುತ್ತಾರೆ," ಎಂದು ನನಗೆ ಹೇಳಿ, ಅತ್ತೆಯ ಕಡೆ ತಿರುಗಿದರು. "ಅಮ್ಮಾ, ಆ ಮಾತು ತೆಗೆದರೆ ನೀವು ಅರ್ಜಿದಾರರು. ಕೋರ್ಟು ನಿಮ್ಮ ಆಟ ಬುದ್ಧಿಯ ಆಟ ಎಂದರೆ ನಿಮ್ಮ ಹೆಸರಿನಲ್ಲೇ ತೀರ್ಪು ಬರುತ್ತೆ. ತೆಗೆಯದಿದ್ದರೆ ನಾವು ಬೇರೆಯವರನ್ನು ಹುಡುಕಬೇಕಾಗುತ್ತೆ."

ಅತ್ತೆಗೆ ಬೇಕಾಗಿದ್ದದ್ದು ಅದೇ ತೀರ್ಪು. ಅವಳ ಕಣ್ಣು ಆ ಕಾಗದದ ಮೇಲೆ ಇದ್ದದ್ದು ನನಗೆ ಕಾಣುತ್ತಿತ್ತು. ಸೆರಗು ಹಿಂಡಿಕೊಳ್ಳಲು ಕೈ ಹೋಗಿ, ನೆನಪಾಗಿ, ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಇನ್ನೂ ಒದ್ದೇಲಿವ್ನಿ ಕಣಪ್ಪಾ," ಎಂದಳು. "ಬ್ಯಾರೇರ್ನೇ ಹುಡ್ಕೊಳಿ."

ಸಂಜಯ್ ಎದ್ದು ಕೈ ಮುಗಿದರು. ಅವರ ಮೇಲೆ ನನಗೆ ಇವತ್ತಿಗೂ ಬೇಸರವಿಲ್ಲ, ಅವರು ತಮ್ಮ ಕಕ್ಷಿದಾರರ ಕೆಲಸ ಮಾಡಿದರು. ನನಗೆ ಸಿಟ್ಟು ಬಂದದ್ದು ಅತ್ತೆಯ ಮೇಲೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಳೆ ನಿಂತ ಮೇಲೆ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹುಂಡಿಗೆ ಹೊರಟೆ. ಗದ್ದೆಗಳಲ್ಲಿ ನಾಟಿ ನಡೆದಿತ್ತು, ನಾಲೆ ತುಂಬಿ ನೀರು ರಸ್ತೆಗೆ ಚೆಲ್ಲಿತ್ತು. ಅರ್ಧ ದಾರಿಗೆ ಬಂದ ಮೇಲೆ ತಡೆಯಲಾಗಲಿಲ್ಲ.

"ಕೋರ್ಟಲ್ಲಿ ಬರೆಸು ಅಂತ ನೀನೇ ಅಂದೆ. ಬರೆಸೋ ಹೊತ್ತಿಗೆ ನೀನೇ ಕೆಡಿಸಿದೆ. ಇನ್ನು ಅಧ್ಯಕ್ಷೆಗಿರಿ ಎಲ್ಲಿ ಉಳಿಯುತ್ತೆ?"

"ಓದ್ರೆ ಓಗ್ಲಿ ಬುಡು."

"ನಿನಗೆ ಸಂಕಟ ಆಗಲ್ಲವಾ?"

"ಆಯ್ತದೆ ಕಣ್ ಕೂಸೇ," ಎಂದಳು ಬೆನ್ನ ಹಿಂದಿನಿಂದ. "ಸಾಯೋವಷ್ಟು ಆಯ್ತದೆ. ಅದ್ಕೇನ್ ಮಾಡಾಕಾಯ್ತದೆ? ಮೆಲ್ಗೆ ಓಡ್ಸು, ಗುಂಡಿ ಅದೆ."

ಆಗ ನನ್ನ ಸಿಟ್ಟು ಇಳಿದು ಎದೆ ತುಂಬಿ ಬಂತು. ಇಂಥ ಹೆಂಗಸು ನನ್ನ ಸೋದರತ್ತೆ ಎಂಬ ಹೆಮ್ಮೆ ಆವತ್ತು ಹಿಡಿದದ್ದು ಇನ್ನೂ ಬಿಟ್ಟಿಲ್ಲ. ಅವಳ ಒದ್ದೆ ಸೀರೆಗೆ ನನ್ನ ಕರಿಕೋಟು ಪೂರ್ತಿ ನೆನೆದು ಹೋಗಿತ್ತು. ಹುಂಡಿ ಮುಟ್ಟುವವರೆಗೂ ಗುಂಡಿ ತಪ್ಪಿಸುತ್ತಾ ಮೆಲ್ಲಗೆ ಓಡಿಸಿದೆ.

ಮುಂದಿನ ಸಂಘದ ಸಭೆಯಲ್ಲಿ ಅತ್ತೆ, ಕೋರ್ಟಿನ ದಾರಿ ಮುಚ್ಚಿತು ಎಂದಷ್ಟೇ ಹೇಳಿದಳು. ಕಾರಣ ಹೇಳಲಿಲ್ಲ. ಹೇಳು ಎಂದು ನಾನು ಎಷ್ಟು ಕಾಡಿದರೂ ಒಪ್ಪಲಿಲ್ಲ, ತನ್ನ ಒಳ್ಳೆಯತನವನ್ನು ತಾನೇ ಡಂಗುರ ಹೊಡೆದುಕೊಂಡರೆ ಅದಕ್ಕೇನು ಬೆಲೆ ಎಂದಳು. ನಾನಾದರೂ ಹೇಳುತ್ತೇನೆಂದರೆ, ಬಾಯಿ ಬಿಟ್ಟರೆ ಈ ಮನೆಯ ಹೊಸ್ತಿಲು ತುಳಿಯಬೇಡ ಎಂದಳು. ಪುಟ್ಟಬಸಮ್ಮ ಎಲ್ಲ ಕೇಳಿಸಿಕೊಂಡು, "ಯುಗಾದಿ ಕಳೀಲಿ, ಆಮೇಲೆ ನೋಡಾಣ," ಎಂದಳಂತೆ.

ಮಳೆಗಾಲ ಮುಗಿಯಿತು. ಹೊಳೆ ಇಳಿದು ಮಂಟಪದ ಕಾಲುಗಳೆಲ್ಲ ಹೊರಗೆ ಬಂದವು. ಕಟಾವಾಯಿತು, ಒಕ್ಕಣೆಯಾಯಿತು. ನಿಷೇಧ ಬೀಳಿಸುವ ಅರ್ಜಿಗಳು ಮೇಲಿನ ಕೋರ್ಟಿಗೆ ಹೋದವು. ಕ್ಯಾಂಟೀನಿನಲ್ಲಿ ಚರ್ಚೆ ಬಂದಾಗಲೆಲ್ಲ ನಾನು ಬಾಯಿ ಹಾಕುತ್ತಿದ್ದೆ. ಕಾನೂನನ್ನು ಸಾರಾಸಗಟಾಗಿ ಹೊಗಳುವವರ ಮುಂದೆ, ಬುದ್ಧಿಯ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ಗೂಟಕ್ಕೆ ಕಟ್ಟಿದ್ದು ಸರಿಯಲ್ಲ ಎಂದು ವಾದಿಸುತ್ತಿದ್ದೆ. ಕಂಪನಿಗಳ ಪರ ಮಾತಾಡುವವರನ್ನು, ನಿಮ್ಮ ಆಟಕ್ಕೆ ದನ ಬರುವುದು ಯಾವಾಗ ಎಂದು ಕೇಳುತ್ತಿದ್ದೆ. ಅವರಿಗೆ ಅರ್ಥವಾಗುತ್ತಿರಲಿಲ್ಲ, ನನಗೆ ಖುಷಿಯಾಗುತ್ತಿತ್ತು. ಅತ್ತೆ ಫೋನಿನಲ್ಲಿ ಹವಾಮಾನವನ್ನೂ ಸಂಘದ ಲೆಕ್ಕವನ್ನೂ ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ. ಅವಳ ಬಾಗಿಲಲ್ಲಿ ಮೊಸರು ಕೇಳುವವರು "ರಾಜಮ್ಮಣ್ಣಿ" ಎಂದೇ ಕೂಗುತ್ತಿದ್ದರು. ಪ್ರತಿ ಸಲ ಅವಳು ಒಂದು ಗಳಿಗೆ ತಡೆದು ಓಗೊಡುತ್ತಿದ್ದಳು.

ಯುಗಾದಿ ಬಂತು. ಬೇವು ಬೆಲ್ಲ ನಮ್ಮ ಮನೆಯಲ್ಲಿ ತಿಂದು, ಮಾರನೆಯ ದಿನ ಒಬ್ಬಟ್ಟಿನ ಡಬ್ಬಿ ಹಿಡಿದು ಹುಂಡಿಗೆ ಹೋದೆ. ಅತ್ತೆ ಈ ವರ್ಷ ಚಾಪೆಗೆ ಬರುವುದಿಲ್ಲ ಎಂದು ಒಳಗೇ ಕೂತಿದ್ದಳು. ಬೀದಿಯಲ್ಲಿ ಚಾಪೆ ಹಾಸಿದ ಸದ್ದು ಕೇಳಿಸಿತು, ಹುಣಸೆಬೀಜ ಸುರಿದ ಸದ್ದೂ ಕೇಳಿಸಿತು. ಆಮೇಲೆ ಬಾಗಿಲಲ್ಲಿ ಪುಟ್ಟಬಸಮ್ಮ ಬಂದು ನಿಂತಳು. ಮಗನ ಗಲಾಟೆ ಆದಂದಿನಿಂದ ಎಲೆಯ ಹೆಸರು ಎತ್ತಿದರೆ ಉರಿದು ಬೀಳುತ್ತಿದ್ದವಳು ಅವಳು.

"ಬಾ," ಎಂದಳು. "ನಾನೂ ಕೂರ್ತೀನಿ. ನಿನ್ ಆಟ ನನ್ ಕಣ್ಣಿಂದ ನೋಡ್ಬೇಕು."

ಅದು ಕರೆಯೋ ಸವಾಲೋ ನನಗೆ ತಿಳಿಯಲಿಲ್ಲ. ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದಳು. ಚಾಪೆಯ ಮೇಲೆ ಇಬ್ಬರೂ ಎದುರುಬದುರು ಕೂತರು, ಸಂಘದ ಇನ್ನೂ ನಾಲ್ವರು ಜೊತೆಗೆ ಕೂತರು. ನಾನು ಜಗಲಿಯ ಮೇಲೆ ಕೂತೆ. ಮೂರು ನಾಲ್ಕು ಆಟ ಆದ ಮೇಲೆ ಒಬ್ಬಿಬ್ಬರು ನಕ್ಕರು, ಒಬ್ಬಳು ಅತ್ತೆಯ ಬೀಜದ ಗುಡ್ಡೆ ನೋಡಿ "ಹುಳಿ ಸಾರಿಗೆ ವರ್ಷಪೂರ್ತಿ ಆಯ್ತು ಬುಡವ್ವಾ" ಎಂದಳು. ಪುಟ್ಟಬಸಮ್ಮ ನಗಲಿಲ್ಲ. ಅವಳೂ ಚೆನ್ನಾಗಿಯೇ ಆಡುತ್ತಿದ್ದಳು. ಹೊತ್ತು ಇಳಿಯುವಷ್ಟರಲ್ಲಿ ಅವಳ ಮುಂದಿನ ಗುಡ್ಡೆ ಬೆಳೆದು ಅತ್ತೆಯ ಗುಡ್ಡೆಗೆ ಸಮವಾಗಿತ್ತು. ಇನ್ನು ಈ ಒಂದು ಆಟದಲ್ಲಿ ಗೆದ್ದವಳೇ ಆ ವರ್ಷಕ್ಕೆ ಮೇಲು. ಸುತ್ತ ಹೆಂಗಸರು ಬಗ್ಗಿ ನಿಂತರು. ಆಚೆ ಬದಿಯ ಗಂಡಸರೂ ತಮ್ಮ ಆಟ ಬಿಟ್ಟು ಇತ್ತ ನೋಡುತ್ತಿದ್ದರು.

ಅತ್ತೆ ಕಟ್ಟಿನಿಂದ ಒಂದು ಎಲೆ ಎಳೆದಳು. ಅವಳ ಹೆಬ್ಬೆರಳು ಆ ಎಲೆಯ ಮೇಲೆ ಒತ್ತಿ ನಿಂತಿತು. ಬೇಕಾಗಿದ್ದ ಎಲೆಯೇ ಬಂದಿದೆ ಎಂದು ನನಗೆ ಗೊತ್ತಾಯಿತು. ಎದುರಿಗಿದ್ದ ಪುಟ್ಟಬಸಮ್ಮನಿಗೂ ಗೊತ್ತಾಗಿರಬೇಕು, ಅವಳು ತನ್ನ ಎಲೆಗಳನ್ನು ಮಡಿಸಿ ಹಿಡಿದಳು. ಇನ್ನೊಂದು ಎಲೆ ಮುಚ್ಚಿ ಹಾಕಿ, ಕೈ ತೆರೆದು ತೋರಿಸಿದರೆ ಆಯಿತು.

ಆಗಲೇ ಬೀದಿಯ ತುದಿಯಿಂದ ಕೂಗು ಬಂತು. "ದನ ಬಂತೂ!"

ಸೀಮೆಹಸುಗಳು ಇನ್ನೂ ದೂರದಲ್ಲೇ ಇದ್ದವು. ಬೇಸರದ ಮುಖದಲ್ಲಿ, ಒಂದೊಂದೇ ಹೆಜ್ಜೆ ಇಡುತ್ತಾ ಬರುತ್ತಿದ್ದವು. ಕೈ ತೆರೆದು ತೋರಿಸಲು ಬೇಕಾದಷ್ಟು ಹೊತ್ತಿತ್ತು, ಎರಡು ಸಲ ತೋರಿಸುವಷ್ಟಿತ್ತು. ತೋರಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಉಳಿದ ಹೆಂಗಸರು ಎದ್ದರು. ಪುಟ್ಟಬಸಮ್ಮ ಮಾತ್ರ ಏಳಲಿಲ್ಲ, ಅತ್ತೆಯ ಕೈಯನ್ನೇ ನೋಡುತ್ತಾ ಕೂತಿದ್ದಳು.

ಅತ್ತೆ ಎಲೆಗಳನ್ನು ಒಟ್ಟು ಮಾಡಿ, ಬೋರಲು ಹಾಕಿ ಚಾಪೆಯ ಮೇಲೆ ಇಟ್ಟಳು. ಎರಡೂ ಕೈ ಮಡಿಲಿಗೆ ತೆಗೆದುಕೊಂಡಳು. ಮಂಡಿ ಹಿಡಿದುಕೊಂಡಿತ್ತೋ ಏನೋ, ಕೂಡಲೇ ಏಳಲಾಗದೆ ಹಾಗೇ ಕೂತಳು.

ಪುಟ್ಟಬಸಮ್ಮ ಕೈ ಚಾಚಿ ಆ ಎಲೆಗಳನ್ನು ಮಗುಚಿದಳು. ಒಂದೊಂದಾಗಿ ಬಿಡಿಸಿ ನೋಡಿದಳು. ಎಲೆಗಳೆಲ್ಲ ಕೂಡಿದ್ದವು, ಅದು ಗೆದ್ದ ಕೈ. ಅವಳು ಬಹಳ ಹೊತ್ತು ಆ ಎಲೆಗಳನ್ನು ನೋಡಿದಳು, ಆಮೇಲೆ ಅತ್ತೆಯ ಮುಖ ನೋಡಿದಳು. ಧೂಳು ಏಳುತ್ತಾ ಹತ್ತಿರ ಬಂತು, ದನದ ವಾಸನೆ ಬೀದಿಗೆ ತುಂಬಿತು. ಪುಟ್ಟಬಸಮ್ಮ ಎಲೆಗಳನ್ನು ಕಟ್ಟಿನೊಳಗೆ ಸೇರಿಸಿ, ಎದ್ದು, ಅತ್ತೆಯ ಕಡೆಗೆ ಕೈ ನೀಡಿದಳು.

"ಏಳು ಅಧ್ಯಕ್ಷೇ," ಎಂದಳು. "ದನ ಬಂತು."